ದುಡ್ಡು ತಕೊಂಡು ಆಡಿದವನು

ಹೋದ ತಿಂಗಳು ಬ್ರಹ್ಮಾವರದಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಇಬ್ಬರು ಹಿರಿಯರು ಒಂದೇ ಪೇಪರನ್ನು ಹಂಚಿಕೊಂಡು ಓದುತ್ತಿದ್ದರು. ಕ್ರೀಡಾಪುಟದಲ್ಲಿ ಯಾವನೋ ವಿದೇಶಿ ಫುಟ್‌ಬಾಲ್ ಆಟಗಾರನ ಚಿತ್ರ. ಹೊಸ ಕ್ಲಬ್ಬಿನ ಅಂಗಿಯನ್ನು ಎದೆಗೆ ಹಿಡಿದು ನಗುತ್ತಿದ್ದ. ಅವನನ್ನು ಎಷ್ಟಕ್ಕೆ ಕೊಂಡರು ಎಂಬುದು ಅವನ ಹೆಸರಿಗಿಂತ ದಪ್ಪ ಅಕ್ಷರದಲ್ಲಿತ್ತು. ಕಿಟಕಿಯ ಬದಿಯವರು ಕನ್ನಡಕ ತೆಗೆದು, "ಈಗಿನ ಆಟದಗೆ ಎಂತ ಇತ್ತ್ ಮಾರಾಯ್ರೆ? ಬರೀ ದುಡ್ಡ್. ಮನ್ಸಿಲ್ಲೆ, ಎಂತ ಇಲ್ಲೆ" ಅಂದರು. ಪಕ್ಕದವರು ಹೌದೆಂದು ತಲೆಯಾಡಿಸಿದರು.

ನನಗೆ ಮೈ ಉರಿಯಿತು. ಹೇಳಬೇಕಾದ ಮಾತನ್ನೆಲ್ಲ ಒಳಗೊಳಗೇ ಜೋಡಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಇನ್ನೇನು ಅವರ ಬೆನ್ನು ತಟ್ಟಬೇಕು ಎನ್ನುವಷ್ಟರಲ್ಲಿ ಕೋಟ ಬಂತು, ಇಬ್ಬರೂ ಇಳಿದುಬಿಟ್ಟರು. ನನ್ನಂಥ ಕನ್ನಡ ಟೀಚರುಗಳ ಕಷ್ಟ ನಿಮಗೆ ಗೊತ್ತಿರಬಹುದು: ತಯಾರಿಸಿದ ಪಾಠವನ್ನು ಯಾರಿಗಾದರೂ ಒಪ್ಪಿಸದೆ ಊಟ ಸೇರುವುದಿಲ್ಲ. ಆದ್ದರಿಂದ ಅವರ ಬದಲಿಗೆ ನೀವು ಕೂತು ಕೇಳಬೇಕು.

ನಾನು ಹೇಳಹೊರಟದ್ದು ನನ್ನ ತಮ್ಮ ಸುಧಾಕರನ ಸಂಗತಿ. ನಮ್ಮದು ಗಂಗೊಳ್ಳಿಯ ಕಡೆಯ ಮೀನುಗಾರರ ಮನೆ. ಅಪ್ಪಯ್ಯ ದೋಣಿಗೆ ಹೋಗುತ್ತಿದ್ದರು, ಅಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಸುಧಾಕರ ಹತ್ತನೇ ಕ್ಲಾಸು ಮುಗಿಸಿ ಮುಂಬೈಗೆ, ಸೋದರಮಾವನ ಕ್ಯಾಂಟೀನಿಗೆ ಹೋದ. ಅಲ್ಲಿ ಸಂಜೆಯಾದರೆ ಮೈದಾನ. ಕ್ಯಾಂಟೀನಿನ ತಟ್ಟೆಗಳಿಗಿಂತ ಚೆಂಡಿನ ಜೊತೆ ಅವನಿಗೆ ಹೆಚ್ಚು ಸಲಿಗೆ ಬೆಳೆದು, ಮೊದಲು ಒಂದು ಆಫೀಸಿನ ತಂಡ, ಆಮೇಲೆ ಗೋವೆಯ ಒಂದು ಕ್ಲಬ್ಬು ಅವನನ್ನು ಸೇರಿಸಿಕೊಂಡವು. ಚೆಂಡು ಒದ್ದರೆ ತಿಂಗಳಿಗೆ ಸಂಬಳ ಬರುತ್ತದೆ ಎಂದು ನಮ್ಮ ಕೇರಿಯಲ್ಲಿ ಯಾರೂ ನಂಬಲಿಲ್ಲ. ನಾನೂ ನಂಬಿರಲಿಲ್ಲ. ನನಗಂತೂ ಆ ಆಟವೇ ಅರ್ಥವಾಗುತ್ತಿರಲಿಲ್ಲ. ಗೋಲು ಹೊಡೆದರೆ ಕೂಗಬೇಕು ಎಂಬಷ್ಟು ಗೊತ್ತಿತ್ತು. ಆಫ್‌ಸೈಡ್ ಎಂಬುದನ್ನು ಅವನು ತಟ್ಟೆ, ಲೋಟ, ಉಪ್ಪಿನಕಾಯಿ ಭರಣಿಗಳನ್ನು ಇಟ್ಟು ಎಷ್ಟೋ ಸಲ ವಿವರಿಸಿದ್ದಾನೆ. ಇಂದಿಗೂ ನನಗೆ ನೆನಪಿರುವುದು ಉಪ್ಪಿನಕಾಯಿಯ ರುಚಿ ಮಾತ್ರ.

ಅವನು ಹಿಂದೆ ನಿಂತು ತಡೆಯುವ ಆಟಗಾರ. ಅಂಥವರ ಚಿತ್ರ ಪೇಪರಿನಲ್ಲಿ ಬರುವುದಿಲ್ಲ. ಎದುರಾಳಿ ಗೋಲು ಹೊಡೆಯದಿದ್ದರೆ ಯಾರೂ ಗಮನಿಸುವುದಿಲ್ಲ. ಹೊಡೆದರೆ ಎಲ್ಲರೂ ಬೈಯುತ್ತಾರೆ. ಮನೆವಾರ್ತೆ ನೋಡುವ ಹೆಂಗಸರ ಪಾಡಿನಂಥದ್ದೇ ಅದು ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಒಂದು ಬೇಸಗೆಯಲ್ಲಿ ಅವನು ರಜೆಗೆ ಬಂದಿದ್ದ. ಆಗ ಊರಲ್ಲಿ ಫುಟ್‌ಬಾಲ್ ಟೂರ್ನಮೆಂಟು; ನಮ್ಮವರು ಫೈನಲ್ಲಿಗೆ ಬಂದಿದ್ದರು, ಎದುರು ಬೈಂದೂರಿನ ತಂಡ. ನಮ್ಮ ತಂಡದ ನಾಯಕ ರಾಘು, ದೊಡ್ಡಪ್ಪನ ಮಗ, ನಾಲ್ಕು ಜನರನ್ನು ಕಟ್ಟಿಕೊಂಡು ಮನೆಗೆ ಬಂದ. ಅಮ್ಮ ಚಾ ಕೊಟ್ಟಳು. ಸುಧಾಕರ ಆಡಬೇಕು ಎಂದು ರಾಘು ಕೇಳಿದ.

"ಆಡ್ತೆ," ಅಂದ ಸುಧಾಕರ. "ಎಷ್ಟ್ ಕೊಡ್ತ್ರಿ?"

ಚಾದ ಲೋಟ ಹಿಡಿದವರ ಕೈ ಹಾಗೇ ನಿಂತಿತು. ರಾಘು ತಮಾಷೆಯೆಂದು ನಕ್ಕ. ತಮ್ಮ ನಗಲಿಲ್ಲ. ಅಪ್ಪಯ್ಯನ ಮುಖ ಕೆಂಪಾಯಿತು.

"ಊರಿನವ್ರ್ ಹತ್ರ ದುಡ್ಡ್ ಕೇಂತ್ಯನಾ? ನಾಚ್ಕಿ ಆತಿಲ್ಯಾ ನಿಂಗೆ?"

"ಅಪ್ಪಯ್ಯ, ನಂಗೆ ಇಪ್ಪುದ್ ಇದೊಂದೇ ಮಂಡಿ," ಅಂದ ಅವನು, ಬಲಗಾಲು ಚಾಚಿ ತೋರಿಸುತ್ತ. ಮಂಡಿಯ ಪಕ್ಕದಲ್ಲಿ ಹೊಲಿಗೆಯ ಗುರುತಿತ್ತು. "ಇದ್ ಹೋದ್ರೆ ಕ್ಲಬ್ಬಿನವ್ರ್ ಮನಿಗ್ ಕಳ್ಸ್ತ್ರ್. ಆಗ ಊರಿನವ್ರ್ ನನ್ನ ಸಾಕ್ತ್ರಾ? ನಾನ್ ಆಡುದ್ ನನ್ನ ಕೆಲ್ಸ. ಕೆಲ್ಸ ಮಾಡ್ಸ್ಕಂಡ್ರೆ ದುಡ್ಡ್ ಕೊಡ್ಕ್."

ರಾಘು ಎದ್ದು ಹೋದ. ಮರುದಿನ ಬಂದ. ತಂಡಕ್ಕೆ ಬೇರೆ ದಾರಿ ಇರಲಿಲ್ಲ. ಅಂಗಡಿಯವರ ಹತ್ತಿರ ಚಂದಾ ಎತ್ತಿ ಏನೋ ಒಂದಷ್ಟು ಕೊಡುವುದೆಂದು ಒಪ್ಪಂದವಾಯಿತು. ಆದರೆ ಅಷ್ಟರಲ್ಲಿ ಸುದ್ದಿ ಕೇರಿಯ ಕೊನೆಯ ಮನೆ ತನಕ ಹೋಗಿತ್ತು. ಅವನು ನಡೆದು ಹೋದರೆ ಕಟ್ಟೆಯ ಮೇಲಿನವರು "ಹ್ವಾಯ್, ಸಂಬ್ಳದ ಆಟಗಾರ!" ಎಂದು ಕರೆಯುತ್ತಿದ್ದರು. ಅವನು ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದ, ಅದು ಬಿರುದೆಂಬಂತೆ.

ಫೈನಲ್ಲಿನ ದಿನ ಹೊಳೆಬದಿಯ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಅಮ್ಮನ ಜೊತೆ ತೆಂಗಿನ ಮರದ ಬುಡದಲ್ಲಿ ನಿಂತಿದ್ದೆ. ಅಪ್ಪಯ್ಯ ಬರುವುದಿಲ್ಲವೆಂದು ಹೇಳಿ, ಆಮೇಲೆ ಬಂದು ಬೇರೆಯೇ ನಿಂತಿದ್ದರು. ಸುಧಾಕರ ಓಡುತ್ತಿದ್ದುದು ಕಡಿಮೆ. ಮೂರು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ನಡೆಯುತ್ತಿದ್ದ. ಆದರೆ ಚೆಂಡು ಎಲ್ಲಿಗೆ ಬಂದರೂ ಅಲ್ಲಿ ಅವನಿರುತ್ತಿದ್ದ. ಜನ ಅದನ್ನು ನೋಡಲಿಲ್ಲ. "ದುಡ್ಡ್ ತಕಂಡ್ ವಾಕಿಂಗ್ ಮಾಡ್ತಾ ಇದ್ದ ಕಾಣಿ" ಎಂದು ಯಾರೋ ಕೂಗಿದರು. ಬಯಲೆಲ್ಲ ನಕ್ಕಿತು.

ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುತ್ತ ಬಂತು. ಆಗ ಬೈಂದೂರಿನ ಹುಡುಗನೊಬ್ಬ ಮೂಲೆಯಿಂದ ಬಲವಾಗಿ ಹೊಡೆದ. ಇಬ್ಬರು ಎದುರಾಳಿಗಳು ನುಗ್ಗಿ ಬರುತ್ತಿದ್ದರು. ಸುಧಾಕರ ಉದ್ದಕ್ಕೆ ಹಾರಿ, ಕಾಲು ಚಾಚಿ, ಚೆಂಡನ್ನು ಹೊರಗೆ ತಳ್ಳಲು ನೋಡಿದ. ಚೆಂಡು ಅವನ ಕಾಲಿಗೆ ತಾಗಿ, ದಿಕ್ಕು ಬದಲಿಸಿ, ನಮ್ಮದೇ ಗೋಲಿನೊಳಗೆ ಹೋಯಿತು.

ಬೈಗುಳ ಶುರುವಾಯಿತು. ಬೈಂದೂರಿನವರು ಜಾಸ್ತಿ ಕೊಟ್ಟಿರಬೇಕು ಎಂದು ಒಬ್ಬ. ಎರಡೂ ಕಡೆಯಿಂದ ತೆಗೆದುಕೊಂಡಿದ್ದಾನೆ ಎಂದು ಇನ್ನೊಬ್ಬ. ಸೀಟಿ ಊದಿದಾಗ ನಾವು ಒಂದು ಗೋಲಿನಿಂದ ಸೋತಿದ್ದೆವು. ಆ ಗೋಲು ಅವನದು.

ಅವನು ಗೋಲುಕಂಬಕ್ಕೆ ಒರಗಿ ಕೂತಿದ್ದ. ಮಂಡಿ ಊದಿಕೊಂಡಿತ್ತು. ಇಪ್ಪತ್ನಾಲ್ಕು ವರ್ಷದ ಗಂಡಸು, ಮುಖ ಮುಚ್ಚಿಕೊಳ್ಳದೆ, ಸಣ್ಣ ಮಗುವಿನ ಹಾಗೆ ಅಳುತ್ತಿದ್ದ. ನಾವು ಹತ್ತಿರ ಹೋಗುವಷ್ಟರಲ್ಲಿ ರಾಘು ದುಡ್ಡಿನ ಕವರು ಹಿಡಿದು ಬಂದು ಎದುರಿಗೆ ನಿಂತಿದ್ದ.

"ದುಡ್ಡ್ ಸಿಕ್ತಲ್ಲ, ಮತ್ತೆಂತಕ್ ಮರ್ಕುದ್?" ಎಂದು ಕೇಳಿದ. ಮರ್ಕುದು ಅಂದರೆ ನಮ್ಮ ಕಡೆ ಅಳುವುದು.

ಸುಧಾಕರ ತಲೆಯೆತ್ತಿ ಕೈಚಾಚಿದ. ಕವರು ತೆಗೆದುಕೊಂಡ. "ದುಡ್ಡ್ ಆಡಿದ್ಕೆ," ಅಂದ. "ಮರ್ಕುದ್ ಪುಕ್ಸಟ್ಟೆ."

ಅಷ್ಟು ಹೊತ್ತು ದೂರ ನಿಂತಿದ್ದ ಅಪ್ಪಯ್ಯ ಬಂದು ಮಗನ ಪಕ್ಕ ಮರಳಿನಲ್ಲಿ ಕೂತರು. ಆಮೇಲೆ ಅವನ ತೋಳಿಗೆ ಹೆಗಲು ಕೊಟ್ಟು ಮನೆಗೆ ಕರೆತಂದರು. ದಾರಿಯುದ್ದಕ್ಕೂ ಜನ ನಿಂತು ನೋಡುತ್ತಿದ್ದರು. ಅಪ್ಪಯ್ಯ ತಲೆ ತಗ್ಗಿಸಲಿಲ್ಲ.

ಮರುದಿನ ಅಮ್ಮ ಎಂದಿನ ಹಾಗೆ ಬುಟ್ಟಿ ಹೊತ್ತು ಹೊರಟಳು. ಒಂದು ಮನೆಯ ಜಗಲಿಯಲ್ಲಿ ಯಾರೋ, ನಿನ್ನ ಮಗ ಆಟ ಮಾರಿದನಂತೆ ಎಂದು ಕೇಳಿದರಂತೆ. ಅಮ್ಮ ಬುಟ್ಟಿ ಕೆಳಗಿಟ್ಟು ಹೇಳಿದ್ದನ್ನು ಆ ಮನೆಯವರೇ ಆಮೇಲೆ ನನಗೆ ಹೇಳಿದರು: "ನಾನ್ ಇಷ್ಟ್ ವರ್ಷ ನಿಮ್ಗೆ ಬಂಗ್ಡೆ ಮಾರಿದ್ನಲ್ಲೆ, ಪುಕ್ಸಟ್ಟೆ ಕೊಟ್ಟಿದ್ನಾ? ದುಡ್ಡ್ ತಕಂಡಿದೆ ಅಂದೇಳಿ ಹಳ್ಸಿದ್ ಕೊಟ್ಟಿದ್ನಾ? ದುಡ್ಡ್ ತಕಂಬುದಕ್ಕೇ ಲಾಯ್ಕದ್ ಕೊಡುದ್." ಆ ಮನೆಗೆ ಅವತ್ತು ಅವಳು ಮೀನು ಕೊಡಲಿಲ್ಲ. ಬಂಗಡೆ ಪ್ರಿಯರಾದ ಅವರು ಒಂದು ವಾರದಲ್ಲಿ ತಾವೇ ಕರೆದರು.

ನೋಡಿ, ನಮ್ಮಲ್ಲಿ ಚೆಂಡೆ ಬಾರಿಸುವವರು ದುಡ್ಡು ತೆಗೆದುಕೊಳ್ಳುತ್ತಾರೆ, ಹೆರಿಗೆ ಮಾಡಿಸುವ ಡಾಕ್ಟರು ತೆಗೆದುಕೊಳ್ಳುತ್ತಾರೆ, ಕನ್ನಡ ಪದ್ಯ ಓದಿ ಕಣ್ಣೀರು ತರಿಸುವ ನಾನೂ ತಿಂಗಳಿಗೊಮ್ಮೆ ತೆಗೆದುಕೊಳ್ಳುತ್ತೇನೆ. ನಿಮ್ಮ ಮನಸ್ಸು ಎಲ್ಲಿ ಹೋಯಿತೆಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಮೈಯನ್ನೇ ಪಣವಿಟ್ಟು ಆಡುವ ಮೀನುಗಾರನ ಮಗ ದುಡ್ಡು ಕೇಳಿದರೆ ಮಾತ್ರ ಆಟ ಕೆಟ್ಟಿತು.

ದುಡ್ಡಿನವರೆಲ್ಲ ಒಳ್ಳೆಯವರು ಎಂದು ನಾನು ಹೇಳುತ್ತಿಲ್ಲ. ಕೆಲವು ವರ್ಷದ ನಂತರ ಅವನ ಕ್ಲಬ್ಬಿನ ಮಾಲೀಕರು ಲಾಭವಿಲ್ಲವೆಂದು ಬಾಗಿಲು ಹಾಕಿದರು. ಇನ್ನು ಸಂಬಳವಿಲ್ಲ ಎಂದು ತಿಳಿದ ಮೇಲೂ ಅವನು ತಕ್ಷಣ ಊರಿಗೆ ಬರಲಿಲ್ಲ. ಯಾಕೆ ತಡ ಎಂದು ಫೋನಿನಲ್ಲಿ ಕೇಳಿದರೆ, "ಅಕ್ಕ, ಒಂದ್ ಮ್ಯಾಚ್ ಬಾಕಿ ಇತ್ತ್, ಆಡಿ ಬತ್ತೆ" ಅಂದ. ಮನಸ್ಸಿಲ್ಲದವರು ಇದ್ದರು, ಆದರೆ ಅವರು ಅಂಗಿ ಹಾಕಿ ಮೈದಾನಕ್ಕೆ ಇಳಿದವರಲ್ಲ. ಪೇಪರಿನಲ್ಲಿ ಕೋಟಿಗೆ ಬಿಕರಿಯಾದ ಹುಡುಗನೂ ಸೋತ ದಿನ ಎಲ್ಲೋ ಕೂತು ಅಳುತ್ತಾನೆ ಎಂದು ನಾನು ಪಂಥ ಕಟ್ಟಬಲ್ಲೆ.

ಸುಧಾಕರ ಈಗ ಕುಂದಾಪುರದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾನೆ, ಫೀಸು ತೆಗೆದುಕೊಂಡೇ. ಮಂಡಿ ಮಡಚುವುದಿಲ್ಲ, ಸ್ಟೂಲಿನ ಮೇಲೆ ಕೂತು ಕೂಗುತ್ತಾನೆ.

ಬಸ್ಸಿನ ಆ ಸಂಗತಿಯಾಗಿ ಎರಡೇ ದಿನಕ್ಕೆ ಬೈಂದೂರು ಕಡೆಯ ಒಂದು ಕ್ರೀಡಾ ಸಂಘದವರು ವಾರ್ಷಿಕೋತ್ಸವಕ್ಕೆ ಭಾಷಣ ಮಾಡಬೇಕೆಂದು ಫೋನು ಮಾಡಿದರು. ಇಂಥ ಭಾಷಣಗಳನ್ನು ನಾನು ಬಹಳ ಕಾಲದಿಂದ ಮಾಡುತ್ತ ಬಂದಿದ್ದೇನೆ. ಒಂದು ಶಾಲು, ಹಣ್ಣಿನ ಬುಟ್ಟಿ. ನಾನೂ ಅದಕ್ಕೆ ತಕ್ಕ ಹಾಗೆ ಹಳೆಯ ಹಾಳೆಗಳನ್ನೇ ಓದಿ ಬರುತ್ತಿದ್ದೆ. ಈ ಸಲ ಕಾರ್ಯದರ್ಶಿಗೆ, ನನ್ನ ಸಂಭಾವನೆ ಇಷ್ಟು ಎಂದು ಹೇಳಿದೆ. ಹೇಳುವ ಮೊದಲು ಆ ಅಂಕಿಯನ್ನು ಪೇಪರಿನ ಅಂಚಿನಲ್ಲಿ ಬರೆದು ನೋಡಿಕೊಂಡೆ ಎಂಬುದು ನಿಮ್ಮಲ್ಲೇ ಇರಲಿ. ಅವರು ಪಕ್ಕದವರನ್ನು ಕೇಳಿಕೊಂಡು, "ಅಡ್ಡಿಲ್ಲೆ ಮೇಡಂ, ಬನ್ನಿ" ಅಂದರು.

ಒಂದು ವಾರ ಕೂತು ಹೊಸದಾಗಿ ಬರೆದೆ. ವೇದಿಕೆಯಲ್ಲಿ, ನಾನು ಈಗ ನಿಮಗೆ ಹೇಳಿದ್ದನ್ನೇ ಹೇಳಿದೆ. ನಡುವೆ ಒಂದು ಕಡೆ ದನಿ ಒಡೆಯಿತು, ನೀರು ಕುಡಿದು ಮುಂದುವರಿಸಿದೆ. ಕೊನೆಗೆ ಕಾರ್ಯದರ್ಶಿ ಸಂಕೋಚದಿಂದ ಮರೆಯಲ್ಲಿ ಕವರು ಕೊಡಲು ಬಂದರು. "ಇಲ್ಲೇ ಕೊಡಿ" ಎಂದು ಮೈಕಿನ ಎದುರೇ ಇಸಿದುಕೊಂಡೆ.

ಸಭೆ ಮುಗಿದ ಮೇಲೆ ಹಿಂದಿನ ಸಾಲಿನಿಂದ ಸುಧಾಕರ ಕುಂಟುತ್ತ ಬಂದ. ಅವನ ಕಣ್ಣೂ ಒದ್ದೆಯಾಗಿತ್ತು.

"ಮಾತ್ ಲಾಯ್ಕಿತ್ತ್ ಅಕ್ಕ," ಅಂದ. "ಇನ್ನೊಂಚೂರ್ ಜಾಸ್ತಿ ದುಡ್ಡ್ ಕೇಣ್ಕಿತ್ತ್."