ಟೈಲರನ ಸ್ವಂತ ಪ್ಯಾಂಟು

ಯಾರಿಗಾದರೂ ಹೊಟ್ಟೆ ಬಂದರೆ ಅವರ ಪ್ಯಾಂಟೇ ಹೇಳಿಬಿಡುತ್ತದೆ. ನಮ್ಮ ಬೀದಿಯ ಟೈಲರ್ ಮಾತ್ರ ತನ್ನ ಪ್ಯಾಂಟಿನ ಬಾಯಿ ಮುಚ್ಚಿಸಿದ್ದ. ಅದು ಬಿಗಿಯಾದಾಗಲೆಲ್ಲ ಸೊಂಟದ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಒಂದಿಷ್ಟು ಬಿಟ್ಟು, ಮತ್ತೆ ಹೊಲಿದುಕೊಳ್ಳುತ್ತಿದ್ದ. ಮಿಷಿನ್ನಿನ ಪಕ್ಕ ಸದಾ ತಣ್ಣನೆಯ ಕೂಲ್‌ಡ್ರಿಂಕ್ ಬಾಟಲಿ. ನೀರು ಇರುವುದು ಇಸ್ತ್ರಿಗೆ ಮುಂಚೆ ಬಟ್ಟೆಗೆ ಚಿಮುಕಿಸಲು ಎಂಬುದು ಅವನ ವಾದ.

ಕೊನೆಗೊಂದು ದಿನ ಬಿಚ್ಚಲು ಬಟ್ಟೆಯೇ ಉಳಿಯಲಿಲ್ಲ. ಅದೇ ವಾರ ಅವನ ರಕ್ತ ಪರೀಕ್ಷೆ ನೋಡಿದ ಡಾಕ್ಟರು, "ಸಕ್ಕರೆ ಕಾಯಿಲೆ ನಿಮ್ಮ ಬಾಗಿಲಿಗೆ ಬಂದು ನಿಂತಿದೆ. ಅದನ್ನ ಒಳಗೆ ಕರೀತಿರೋದು ಆ ಬಾಟ್ಲಿ," ಎಂದರು.

ಬಾಟಲಿ ಬಿಟ್ಟ ಹೊಸದರಲ್ಲಿ ಅವನಿಗೆ ತಲೆ ಸಿಡಿಯಿತು. ಹೆಂಡತಿಯ ಮೇಲೆ, ಗಿರಾಕಿಗಳ ಮೇಲೆ, ಕತ್ತರಿಯ ಮೇಲೂ ಹರಿಹಾಯ್ದ. ಆದರೂ ಹಟ ಬಿಡದೆ ನೀರು ಕುಡಿದ, ಅಂಗಡಿಗೆ ನಡೆದೇ ಬಂದ.

ತಿಂಗಳುಗಳು ಕಳೆದವು. ಮೊನ್ನೆ ಗಿರಾಕಿಯ ಭುಜದ ಅಳತೆಗೆಂದು ಎರಡೂ ಕೈ ಎತ್ತಿದ್ದೇ ತಡ, ಪ್ಯಾಂಟು ಸರ್ರನೆ ಮೊಣಕಾಲಿಗಿಳಿಯಿತು. ಪಕ್ಕದಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿ ಗಾಬರಿಯಿಂದ ಎದ್ದಳು.

"ಅಯ್ಯೋ, ಮಾನ ಹೋಯ್ತಲ್ರೀ! ಬೆಲ್ಟ್ ತರ್ಲಾ?"

"ಬೆಲ್ಟ್ ಯಾಕೇ?" ಪ್ಯಾಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಆತ ಬೀದಿಗೆಲ್ಲ ಕೇಳುವಂತೆ ಕೂಗಿದ. "ಹೋಗಿ ಡಾಕ್ಟ್ರನ್ನ ಕರ್ಕೊಂಡ್ ಬಾ! ಬಂದು ನೋಡ್ಲಿ!"