ಹೊಲದಲ್ಲಿ ಹೊಡೆದ ನಾಲ್ಕು ಗೂಟ

ನನಗೆ ಯಾರನ್ನೂ ಬೇಗ ನಂಬಿ ಅಭ್ಯಾಸವಿಲ್ಲ. ನಮ್ಮ ಹೋಬಳಿಯ ನೀರೇ ಅಂಥದ್ದು. ದೇವನಹಳ್ಳಿ ಸುತ್ತ ಜಮೀನು ಸ್ವಾಧೀನದ ಮಾತು ಶುರುವಾದ ಮೇಲಂತೂ ಹೊಲದಲ್ಲಿ ಹೊಸಬರು ಕಂಡರೆ ಮೊದಲು ಅವರ ಕೈ ನೋಡುತ್ತೇವೆ. ಕೈಯಲ್ಲಿ ಟೇಪು, ಗೂಟ ಇದ್ದರೆ ಊರೇ ಸೇರುತ್ತದೆ.

ಡಿಗ್ರಿಯ ಮೊದಲ ವರ್ಷ ಪರಿಸರ ವಿಜ್ಞಾನ ತೆಗೆದುಕೊಂಡಿದ್ದೆ. ಗಿಡಗಳ ಎಣಿಕೆ ಕಲಿಯಲು ಒಂದು ಜಾಗ ಬೇಕಿತ್ತು. "ನಮ್ಮ ಹೊಲ ಇದೆ ಸರ್" ಎಂದು ನಾನೇ ಬಾಯಿಬಿಟ್ಟೆ. ಮೇಷ್ಟ್ರು ಮರುಮಾತಿಲ್ಲದೆ ಒಪ್ಪಿದರು. ಇಷ್ಟು ಬೇಗ ಯಾಕೆ ಒಪ್ಪಿದರು ಎಂದು ಬಸ್ಸು ಊರು ಮುಟ್ಟುವವರೆಗೂ ತಲೆ ಕೆಡಿಸಿಕೊಂಡೆ.

ಆ ವಾರವೇ ತರಗತಿಯವರನ್ನೆಲ್ಲ ನಮ್ಮ ಹೊಲಕ್ಕೆ ಕರೆತಂದ ಮೇಷ್ಟ್ರು, ಬೀಳು ಬಿಟ್ಟಿದ್ದ ತುಂಡಿನಲ್ಲಿ ನಾಲ್ಕು ಮೂಲೆಗೆ ಗೂಟ ಹೊಡೆಸಿ, ದಾರ ಕಟ್ಟಿಸಿ, ಚೌಕ ಮಾಡಿಸಿದರು. ಒಳಗಿನ ತುಂಬೆ, ಗರಿಕೆ, ಅಣ್ಣೆಸೊಪ್ಪು ಎಲ್ಲ ಎಣಿಸಬೇಕು. ನಾವು ಕುಕ್ಕರಗಾಲಲ್ಲಿ ಕೂತಿದ್ದಾಗ ಹಿಂದಿನಿಂದ ದನಿ ಬಂತು.

"ಯಾವ ಆಫೀಸಿಂದ ಬಂದ್ರಿ ಸ್ವಾಮಿ?"

ನಮ್ಮ ದೊಡ್ಡಪ್ಪ. ಮನೆಗೆ ಹಿರಿಯರು, ಜಮೀನೆಲ್ಲ ನೋಡಿಕೊಳ್ಳುವವರು. ಭೂಮಿ ಕೊಡಲ್ಲ ಎಂದು ಧರಣಿಗೆ ಕೂತು ಬಂದವರು.

"ಕಾಲೇಜಿಂದ. ಹುಲ್ಲು, ಗಿಡ ಎಣಿಸ್ತಾ ಇದ್ದೀವಿ" ಎಂದರು ಮೇಷ್ಟ್ರು.

"ಹುಲ್ಲು ಎಣ್ಸಕ್ಕೆ ಗೂಟ ಯಾಕೆ?"

ಗೆಳತಿಯರು ಕಿಸಕ್ಕೆಂದರು. ದೊಡ್ಡಪ್ಪ ನನ್ನತ್ತ ತಿರುಗಿದರು. ಹುಟ್ಟಿದಾಗಿನಿಂದ ನನ್ನನ್ನು 'ಮಗಾ' ಎಂದೇ ಕರೆದವರು.

"ಏನಮ್ಮಾ, ಇವ್ರನ್ನ ಕರ್ಕೊಂಡ್ಬಂದಿದ್ದು ನೀನೇನಾ?"

ಆ 'ಏನಮ್ಮಾ' ಹೊರಗಿನವರಿಗೆ ಅವರು ಆಡುವ ಮಾತು. ಹೂಂ ಎಂದೆ. ಅವರು ಬದುವಿನ ಮೇಲೆ ಕೂತು ಕಾಯತೊಡಗಿದರು.

ಎಣಿಕೆ ಮುಗಿಯಿತು. "ಗೂಟ ಹಾಗೇ ಇರಲಿ, ಮುಂದಿನ ತಿಂಗಳು ಇದೇ ಚೌಕ ಮತ್ತೆ ಎಣಿಸಬೇಕು. ಏನು ಬದಲಾಯ್ತು ಅಂತ ಗೊತ್ತಾಗೋದು ಹಾಗೇ" ಎಂದರು ಮೇಷ್ಟ್ರು. ಪಾಠದ ಪ್ರಕಾರ ಸರಿಯಾದ ಮಾತೇ. ಆದರೆ ನಾಳೆ ಇನ್ಯಾರೋ ಬಂದು, ಇಲ್ಲಿ ಆಗಲೇ ಅಳತೆಯಾಗಿದೆ ಎಂದರೆ? ಮೇಷ್ಟ್ರೇ ಸ್ವಾಧೀನದವರ ಕಡೆಯವರಾಗಿದ್ದರೆ? ಬಗ್ಗಿ ನಾಲ್ಕೂ ಗೂಟ ಕಿತ್ತು ಬ್ಯಾಗಿಗೆ ತುಂಬಿದೆ. ಮೇಷ್ಟ್ರ ಮುಖ ಸಣ್ಣಗಾಯಿತು.

ಮನೆಯಲ್ಲಿ ಅವನ್ನು ದೊಡ್ಡಪ್ಪನ ಮುಂದೆ ಸುರಿದೆ. ಅವರು ಚಪ್ಪಲಿ ಮೆಟ್ಟಿ ಹೊಲಕ್ಕೆ ಹೊರಟರು. ಹಿಂದೆಯೇ ಹೋದೆ. ಒಂದೊಂದೇ ಗುಳಿಗೆ ಮಣ್ಣು ತುಂಬಿ ಹಿಮ್ಮಡಿಯಿಂದ ತುಳಿದರು. ಒಂದು ಹಿಡಿ ಮಣ್ಣು ಹಾಕು ಎಂದೂ ನನಗೆ ಹೇಳಲಿಲ್ಲ. ಅಂದು ಬಹಳ ಅತ್ತೆ. ಆಮೇಲೆಯೂ ಮನೆಯಲ್ಲಿ ನಾನು ಬರಿಯ 'ಏನಮ್ಮಾ' ಆಗಿಯೇ ಉಳಿದೆ.

ಮುಂದಿನ ತಿಂಗಳು ಮೇಷ್ಟ್ರು ಎಲ್ಲರನ್ನೂ ಕರೆದುಕೊಂಡು ಮತ್ತೆ ಬಂದರು. ದೊಡ್ಡಪ್ಪ ಬದುವಿನ ಮೇಲೆ ನಿಂತಿದ್ದರು.

"ನಮ್ಮ ಚೌಕ ಎಲ್ಲಿತ್ತಮ್ಮಾ? ನಿನಗೆ ಗುರುತಿರುತ್ತಲ್ಲ" ಎಂದರು ಮೇಷ್ಟ್ರು.

ಕಣ್ಣು ಮುಚ್ಚಿಯೂ ತೋರಿಸಬಲ್ಲವಳಾಗಿದ್ದೆ. ಅದರ ಮೇಲೆಯೇ ನಿಂತಿದ್ದೆ.

"ಗೊತ್ತಾಗ್ತಿಲ್ಲ ಸರ್, ಎಲ್ಲಾ ಒಂದೇ ಥರ ಬೆಳೆದುಬಿಟ್ಟಿದೆ."

ಮೇಷ್ಟ್ರು ನನ್ನ ಮುಖ ನೋಡಿ, ಸರಿ ಎಂದು ವ್ಯಾನಿನ ಕಡೆ ನಡೆದರು. ಆಮೇಲೆ ತರಗತಿಯಲ್ಲಿ ನನ್ನನ್ನು ಏನೂ ಕೇಳಲಿಲ್ಲ.

ವ್ಯಾನು ಮರೆಯಾದ ಮೇಲೆ ದೊಡ್ಡಪ್ಪ ಬದು ಇಳಿದು ಬಂದರು.

"ನಡಿ ಮಗಾ, ಮುದ್ದೆ ಆರೋಗ್ತದೆ."