ಸವೆಯದ ಟೈರು

ಟೈರು ಒಡೆದ ಸದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಅದನ್ನು ನಾನು ಕೇಳಿರಲು ಸಾಧ್ಯವೇ ಇಲ್ಲ. ನಾನಿದ್ದದ್ದು ಕಾರಿನ ಹಿಂದೆ ಬರುತ್ತಿದ್ದ ದಿಬ್ಬಣದ ಟೆಂಪೊದಲ್ಲಿ. ಅಲ್ಲಿ ಹಾಡು ಜೋರಾಗಿತ್ತು. ಯಾರದೋ ಬಾಯಿಂದ ಆಮೇಲೆ ಎತ್ತಿಕೊಂಡ ಸದ್ದು ಅದು. ಹಾಗಾಗಿ ಅದನ್ನು ಬಿಡುತ್ತೇನೆ. ಉಳಿದದ್ದರಲ್ಲೂ ಎಷ್ಟು ನಾನು ಕಂಡದ್ದೋ.

ಇಳಕಲ್ಲಿನಲ್ಲಿ ನನ್ನ ಕಾಕಾನ ಗ್ರಾನೈಟ್ ಪಾಲಿಶ್ ಶೆಡ್ಡಿನ ಮೂಲೆಯಲ್ಲಿ ಒಂದು ಬಿಳಿ ಅಂಬಾಸಿಡರ್ ನಿಂತಿರುತ್ತದೆ. ಚಕ್ರಗಳ ಕೆಳಗೆ ಕನ್ನಡಿಯಂಥ ಕಲ್ಲು ಹಾಸಿದ್ದಾನೆ. ಅದು ಹೊರಗೆ ಬರುವುದು ಮಹಾನವಮಿಯ ಪೂಜೆಗೆ, ಇಲ್ಲವೇ ಮನೆಯ ಹೆಣ್ಣುಮಗಳ ಮದುವೆಗೆ. ಮದುಮಗಳು ಅದರಲ್ಲೇ ಹೋಗಬೇಕೆಂಬುದು ನಮ್ಮ ಮನೆತನದ ರೂಢಿ. ಹಿಂದಿನ ದಿನ ಕಾಕಾ ತಾನೇ ಕೂತು ಟೈರುಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾನೆ. ಅವು ಎಮ್ಮೆಯ ಮೈಯಂತೆ ಹೊಳೆಯುತ್ತವೆ.

ಟೈರು ಒಡೆದ ಆ ಸಲದ ಮದುಮಗಳು ಅವನ ಮಗಳೇ. ದಿನಾ ಸ್ಕೂಟಿಯಲ್ಲಿ ಹುನಗುಂದಕ್ಕೆ ಶಾಲೆ ಕಲಿಸಲು ಹೋಗಿಬರುತ್ತಿದ್ದವಳು, ಗಾಡಿಯ ವಿಷಯ ತಿಳಿದವಳು. ಅರಿಶಿನ ಹಚ್ಚಿದ ಕೈಯಲ್ಲೇ ಮುಂದಿನ ಟೈರಿನ ಪಕ್ಕೆಯನ್ನು ಉಜ್ಜಿದಳು. ಎಣ್ಣೆ ಸರಿದಲ್ಲಿ ಸಣ್ಣ ಬಿರುಕುಗಳು ಕಂಡವು.

“ಅಪ್ಪಾ, ಇವು ನಿನ್ನ ಹಿಮ್ಮಡ ಒಡದಂಗ ಒಡದಾವ.”

ಕಾಕಾ ನೆಲಕ್ಕೆ ತಾಗುವ ಭಾಗದ ಕಚ್ಚುಗಳಲ್ಲಿ ಬೆರಳಿಟ್ಟು ಆಳ ತೋರಿಸಿದ. “ಓಡಿದ್ರ ಸವೀತಾವ. ಓಡೇ ಇಲ್ಲ, ಹಳೇವು ಹೆಂಗ ಆಗ್ತಾವ? ಹೊಸಾ ಟೈರ್ ಇವು.”

“ನಿಂತಲ್ಲೇ ಹಳೇದಾಗೂದು ಗೊತ್ತಿಲ್ಲೇನ ನಿನಗ? ಕನ್ನಡಿ ನೋಡ್ಕೋ.”

ಹೆಂಗಸರೆಲ್ಲ ನಕ್ಕರು. ಬಾಡಿಗೆ ಕಾರು ತರಿಸು ಎಂದು ಅವಳು ನಗದೆ ಕೇಳಿದಳು. ಮಂದಿ ಏನೆಂದಾರು ಎಂದ ಕಾಕಾ. ಒಳ್ಳೆಯ ದಿನ ಹಟ ಮಾಡಬೇಡ ಎಂದಳು ಕಾಕಿ. ಮರುದಿನ ಚಕ್ರದಡಿ ಲಿಂಬೆಹಣ್ಣಿಟ್ಟರು. ಅವಳು ಹತ್ತಿ ಕೂತಳು.

ಮದುವೆ ಬಾದಾಮಿ ಹತ್ತಿರದ ಶಿವಯೋಗ ಮಂದಿರದಲ್ಲಿತ್ತು. ಹುನಗುಂದ ದಾಟಿ ಅಮೀನಗಡದ ದಾರಿಯಲ್ಲಿ, ಬಿಸಿಲೇರಿದಾಗ, ಅದೇ ಟೈರಿನ ಪಕ್ಕೆ ಸೀಳಿತು. ಕಾರು ಅಡ್ಡ ಹೋಗಿ ರಸ್ತೆ ಬದಿಯ ಕಲ್ಲಿಗೆ ಬಡಿಯಿತು. ಓಡಿಸುತ್ತಿದ್ದ ಕಾಕಾನಿಗೆ ಏನೂ ಆಗಲಿಲ್ಲ. ಅವಳ ಮೊಣಕಾಲು ಮುಂದಿನ ಸೀಟಿನ ಕೆಳಗೆ ಸಿಕ್ಕಿಕೊಂಡಿತ್ತು. ಒಂದು ನೆನಪಿನಲ್ಲಿ ಅವಳು ಚೀರುತ್ತಿದ್ದಾಳೆ, ಇನ್ನೊಂದರಲ್ಲಿ ಸುಮ್ಮನೆ ನೀರು ಕೇಳುತ್ತಿದ್ದಾಳೆ. ಯಾವುದು ಖರೆ ಎಂದು ಅವಳನ್ನೇ ಕೇಳಿದ್ದೆ. ಎರಡೂ ಅಲ್ಲ ಎಂದಳು.

ಮದುವೆ ಮುಂದಕ್ಕೆ ಹೋಗಿ, ಆಮೇಲೆ ಆಯಿತು. ಅವಳೀಗ ಬಾದಾಮಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಕಾಲು ಮಡಚುವುದಿಲ್ಲ, ಪಂಕ್ತಿಯಲ್ಲಿ ಕೂಡಲಾರಳು, ಸ್ಕೂಟಿ ಮಾರಿದರು. ಮನೆಯವರು ಹೇಳುವುದು ಬೇರೆ: ಮುಂದಿನ ಚಕ್ರದ ಲಿಂಬೆಹಣ್ಣು ಒಡೆಯದೆ ಜಾರಿತ್ತು, ದೃಷ್ಟಿ ತಗಲಿತು. ಈಗ ಆ ಹಣ್ಣನ್ನು ಎಲ್ಲರೂ ಕಂಡವರೇ. ಕೆಲವು ದಿನ ನನಗೂ ಅದು ಉರುಳಿದ್ದು ಕಾಣುತ್ತದೆ. ನನ್ನ ನೆನಪು ಎಷ್ಟು ಹೇಡಿ ಎಂದು ಹೇಸಿಕೆಯಾಗುತ್ತದೆ.

ಈ ಸಲ ಮಹಾನವಮಿಗೆ ಅವಳು ತವರಿಗೆ ಬಂದಿದ್ದಳು. ಕಾರು ರಿಪೇರಿಯಾಗಿ ಮತ್ತೆ ಅದೇ ಕಲ್ಲುಗಳ ಮೇಲೆ ನಿಂತಿತ್ತು. ಒಡೆದ ಟೈರಿನ ಜಾಗದಲ್ಲಿ ಹೊಸದು. ಉಳಿದವು ಅವೇ, ಎಣ್ಣೆ ಹಚ್ಚಿಕೊಂಡು. ಪೂಜೆ ಮುಗಿದ ಮೇಲೆ, ಗಾಡಿಯಲ್ಲೇ ಬಾದಾಮಿಗೆ ಬಿಟ್ಟು ಬರುತ್ತೇನೆ ಎಂದ ಕಾಕಾ.

ಅವಳು ಟೈರುಗಳನ್ನು ನೋಡುತ್ತ, ಕುಂಟುತ್ತ ಕಾರಿಗೆ ಒಂದು ಸುತ್ತು ಬಂದಳು.

“ಒಂದ ಹೊಸಾದ ಹಾಕೀದಿ ಅಪ್ಪಾ. ಉಳಿದವು ಒಡದಾಗೂ ಲಿಂಬಿಹಣ್ಣಿಂದ ಅಂತೀಯೇನ?”

ಕಾಕಾ ಎಣ್ಣೆಯ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ನಾನು ಚೀಲ ಹಿಡಿದು ಅವಳೊಂದಿಗೆ ಬಸ್ ನಿಲ್ದಾಣಕ್ಕೆ ಹೋದೆ. ಬಸ್ಸು ತುಂಬಿತ್ತು, ಅವಳಿಗೊಂದು ಅಂಚಿನ ಸೀಟು ಸಿಕ್ಕಿತು. ದಾರಿಗೆ ಅಡ್ಡಲಾಗಿ ಚಾಚಿದ ಕಾಲನ್ನು ಒಳಗೆ ತೆಗೆದುಕೊಳ್ಳಿ ಎಂದು ಕಂಡಕ್ಟರ್ ಹೇಳಿದ. ಬರೂದಿಲ್ರಿ ಎಂದಳು. ಅವನು ದಾಟಿಕೊಂಡು ಹೋದ. ಅವನ ಹಿಂದೆ ಉಳಿದವರೂ, ಒಬ್ಬೊಬ್ಬರಾಗಿ, ಆ ಕಾಲನ್ನು ನೋಡಿ ದಾಟಿದರು.